ಇಲ್ಲದ ಟೇಪಿನ ಆಹೇರ

ನಾ ಹೊಟ್ಟಿಕಿಚ್ಚಿನ ಮನಷ್ಯಾ ಅಲ್ಲ. ಇದನ್ನ ಮೊದಲಿಗೇ ಹೇಳಿಬಿಡ್ತೀನಿ, ಯಾಕಂದ್ರ ಮುಂದ ಹೇಳೂದನ್ನ ಕೇಳಿ ನೀವು ಬ್ಯಾರೆ ತಿಳಕೋಬಾರದು.

ಕಬ್ಬೂರಾಗ ಬಾಜೂ ಹೊಲದಾವನ ಕಬ್ಬು ನನ್ನ ಕಬ್ಬಿಗಿಂತ ಎತ್ತರ ಬೆಳದ್ರ "ಛಲೋ ಬಂದೈತಿ ನೋಡಪಾ" ಅಂತ ಬಾಯಿತುಂಬ ಹೇಳಾವ ನಾನು. ಊರಾಗ ಯಾರರ ಹೊಸಾ ಮೋಟಾರ್ ಸೈಕಲ್ ತಗೊಂಡ್ರ ಎಲ್ಲಾರಕಿಂತ ಮೊದಲ ಹೋಗಿ ಪೇಡೆ ತಿನ್ನಾವನೂ ನಾನ. ಇಡೀ ಜಗತ್ತಿನ ಏಳಿಗಿ ಕಂಡು ಸಂತೋಷಪಡುವ ಇಂಥಾ ವಿಶಾಲ ಹೃದಯದೊಳಗ ಒಬ್ಬ ಮನಷ್ಯಾಗ ಮಾತ್ರ ಜಾಗಾ ಇರಲಿಲ್ಲ. ಅಂವ ನನ್ನ ಷಡ್ಡಕ, ಅಂದ್ರ ನನ್ನ ಹೆಂಡತಿ ಸುನಂದಾನ ಅಕ್ಕನ ಗಂಡ, ನಿಪ್ಪಾಣಿ ಅಣ್ಣಾಸಾಹೇಬ.

ಅಂವಂದು ತಂಬಾಕಿನ ವ್ಯಾಪಾರ, ನಂದು ಕಬ್ಬು. ಇಬ್ಬರೂ ಜುಗೂಳದ ಒಂದ ಮನಿಗೆ ಅಳಿಯಂದಿರು. ಕಾಯದೆ ಪ್ರಕಾರ ನೋಡಿದ್ರ ಇಬ್ಬರೂ ಸಮ. ಆದ್ರ ಜುಗೂಳದ ಮನ್ಯಾಗ ಆ ಕಾಯದೆ ಇನ್ನೂ ಜಾರಿ ಆಗಿರಲಿಲ್ಲ. ಅಂವ ಬಂದ್ರ ಕುರ್ಚಿ, ನಾ ಬಂದ್ರ ಹೊರಸಿನ ತುದಿ. ಅಂವಗ ಹಿಡಕಿ ಇರೋ ಕಪ್ಪಿನ್ಯಾಗ ಚಾ, ನನಗ ಗ್ಲಾಸಿನ್ಯಾಗ. ಅಂವ ಒಮ್ಮೆ ಕೆಮ್ಮಿದ್ರ ನಮ್ಮತ್ತಿ "ದೊಡ್ಡ ಅಳಿಯಾರಿಗೆ ಬಿಸಿನೀರು ತರ್ರಿ" ಅಂತ ಒಳಗ ಕೂಗತಿದ್ಲು. ನಾ ಒಮ್ಮೆ ಚಳಿಜ್ವರ ಬಂದು ಪಡಸಾಲ್ಯಾಗ ಮಲಗಿದಾಗ, "ಸ್ವಲ್ಪ ಆ ಮೂಲಿಗೆ ಸರೀರಿ, ಜ್ವಾಳ ಹಸನ ಮಾಡೂದೈತಿ" ಅಂದಿದ್ಲು. ನಾ ಸರದೆ. ಜ್ವಾಳ ಹಸನಾತು. ನನ್ನ ಹೊಟ್ಟಿ ಮಾತ್ರ ಹಸನ ಆಗಲಿಲ್ಲ.

ಎಲ್ಲಾಕ್ಕಿಂತ ಕೆಟ್ಟದ್ದು ಏನಂದ್ರ, ಅಣ್ಣಾಸಾಹೇಬ ಮನಷ್ಯಾ ಛಲೋ. ನಿಪ್ಪಾಣಿ ಕಡೆ ಷಡ್ಡಕಗ ಸಾಡು ಅಂತಾರ. ನನ್ನ ಕಂಡ ಕೂಡ್ಲೆ "ಬಾ ಸಾಡೂ" ಅಂತ ಹೆಗಲ ಮ್ಯಾಲ ಕೈ ಹಾಕತಿದ್ದ. ಸೊಕ್ಕು ಇಲ್ಲ, ಜಂಬ ಇಲ್ಲ. ಸೊಕ್ಕಿನಾವ ಆಗಿದ್ರ ಮನಸಿಗೆ ಬಂದಂಗ ಬೈದು ಹಗುರ ಆಗಬಹುದಿತ್ತು. ಅದಕ್ಕೂ ಅಂವ ದಾರಿ ಬಿಟ್ಟಿರಲಿಲ್ಲ.

ಇಂಥಾ ಹೊತ್ತಿನ್ಯಾಗ ನಮ್ಮ ಹೆಂಡತಿಯ ತಮ್ಮ ಬಾಳೂನ ಮದುವಿ ನಿಕ್ಕಿ ಆತು. ಎಂಬತ್ತರ ದಶಕ ಅರ್ಧ ದಾಟಿತ್ತು. ನಾನು ಸುನಂದಾ ಕೂಡಿ ಒಂದು ತಾಮ್ರದ ಹಂಡೆ ತಂದ್ವಿ. ಎಂಥಾ ಹಂಡೆ ಅಂತೀರಿ, ಒಳಗ ಕೂಸು ಕುಂತು ಜಳಕ ಮಾಡಬೇಕು! ನಮ್ಮ ಅಂಗಳದಾಗ ಹುಣಸಿಹಣ್ಣು ಹಚ್ಚಿ ತಿಕ್ಕಿದಾಗ ಅದರ ಹೊಳಪಿಗೆ ಕಣ್ಣು ಕುಕ್ಕತಿದ್ವು. ಈ ಸಲ ಅಣ್ಣಾಸಾಹೇಬ ತಲಿ ತಗ್ಗಸ್ತಾನ ಅಂತ ನನಗ ಪೂರಾ ಭರೋಸಾ ಇತ್ತು.

ನಮ್ಮ ಕಡೆ ಮದುವ್ಯಾಗ ಅಕ್ಕಿಕಾಳು ಬಿದ್ದ ಮ್ಯಾಲ ಆಹೇರ ನಡೀತೈತಿ. ಆಹೇರ ಅಂದ್ರ ಬೀಗರು ಬಿಜ್ಜರು ಕೊಡೋ ಉಡುಗೊರಿ. ಅದನ್ನ ಸುಮ್ಮನ ಕೈಯಾಗ ಇಟ್ಟು ಬರೂ ಪದ್ಧತಿ ಇಲ್ಲ. ಯಾರು, ಯಾವ ಊರವರು, ಏನು ಕೊಟ್ಟರು ಅಂತ ಮೈಕಿನ್ಯಾಗ ಕೂಗಬೇಕು. ಮೈಕಿನ ಹಾರ್ನ್ ಬೇವಿನ ಗಿಡದ ತುದಿಗೆ ಕಟ್ಟಿರ್ತಾರ. ಹಂದರದಾಗ ಕುಂತಾವಗಷ್ಟ ಅಲ್ಲ, ಹೊಳಿ ದಂಡ್ಯಾಗ ಎಮ್ಮಿ ಮೈ ತೊಳೆಯಾವಗೂ ಕೇಳಬೇಕು. ಹಿಂಗಾಗಿ ಮೈಕಿನ್ಯಾಗ ಕೂಗಿದ ಆಹೇರ ಅಂದ್ರ ಕೋರ್ಟಿನ ತೀರ್ಪು ಇದ್ದಂಗ. ಅದನ್ನ ವಾಪಸ್ ತಗೊಳ್ಳಾಕ ಬರೂದಿಲ್ಲ.

ಮದುವಿ ಹಿಂದಿನ ದಿನ ನಾ ಚಿಕ್ಕೋಡಿಯ ಕಟಿಂಗ್ ಅಂಗಡ್ಯಾಗ ಕುಂತಿದ್ದೆ. ನನ್ನ ಪಾಳಿ ಇನ್ನೂ ದೂರ ಇತ್ತು. ಅಲ್ಲಿದ್ದ ಒಂದು ಬಣ್ಣದ ಮಾಸಿಕ ತಿರುವಿ ಹಾಕಿದ್ರ, ಒಂದು ಇಡೀ ಹಾಳಿ ತುಂಬ ಟೇಪ್ ರಿಕಾರ್ಡರಿನ ಜಾಹೀರಾತು. ಅಂಥಾ ಟೇಪ್ ನಾ ಹುಟ್ಟಿದಾಗಿಂದ ನೋಡಿರಲಿಲ್ಲ. ಒಂದಲ್ಲ, ಎರಡು ಕ್ಯಾಸೆಟ್ಟಿನ ಖಾನೆ. ಮೇಲೆ ರೇಡಿಯೋ. ಎರಡೂ ಕಡೆ ಬಿಚ್ಚಿ ಬ್ಯಾರೆ ಇಡಾಕ ಬರೋ ಸ್ಪೀಕರು. ಬಾಜೂಕ ಒಬ್ಬಾಕಿ ಹೆಣ್ಣಮಗಳು ಗಲ್ಲದ ಮ್ಯಾಲ ಕೈ ಇಟ್ಟುಕೊಂಡು ಅದನ್ನ ನೋಡಾಕತ್ತಿದ್ಲು. ಕೆಳಗ ದೊಡ್ಡ ಅಕ್ಷರದಾಗ "ಬರಲಿದೆ! ಅತಿ ಶೀಘ್ರದಲ್ಲಿ ನಿಮ್ಮ ಹತ್ತಿರದ ಅಂಗಡಿಗೆ!" ಅಂತ ಬರದಿತ್ತು. ಹಿಂಗ ಎರಡು ಕ್ಯಾಸೆಟ್ ಹಾಕೂದರಿಂದ ಒಂದರಾಗಿನ ಹಾಡು ಇನ್ನೊಂದಕ್ಕ ಇಳಿಸಬಹುದಂತ. ನಾ ಎಲ್ಲಾ ಓದಿದೆ, ಮತ್ತೊಮ್ಮೆ ಓದಿದೆ. ಅಂಗಡಿಯವ ಕನ್ನಡಿ ಕಡೆ ತಿರುಗಿದಾಗ ಆ ಹಾಳಿ ಹರದು ಮಡಚಿ ಕಿಸೇದಾಗ ಇಟಗೊಂಡೆ. ಏನೂ ಉದ್ದೇಶ ಇರಲಿಲ್ಲ. ಸುಮ್ಮನ ಮನಸಿಗೆ ಛಲೋ ಅನಸ್ತು.

ಮರುದಿನ ಜುಗೂಳದಾಗ ಅಕ್ಕಿಕಾಳು ಬಿದ್ವು. ಆಹೇರ ಸುರು ಆತು. ಮೈಕ್ ಹಿಡದಾವ್ರು ಊರಿನ ಒಬ್ಬ ರಿಟೈರ್ಡ್ ಮಾಸ್ತರು, ಅವರಿಗೆ ಗ್ರಾಂಥಿಕ ಭಾಷೆ ಅಂದ್ರ ಭಾಳ ಪ್ರೀತಿ. ಅಷ್ಟರಾಗ ಹಂದರದ ಬಾಗಿಲಿಗೆ ಒಂದು ಟೆಂಪೋ ಬಂದು ನಿಂತು, ನಾಕು ಮಂದಿ ಕೂಡಿ ಅದರಿಂದ ಒಂದು ತಿಜೋರಿ ಇಳಿಸಿದ್ರು. ಬೆಂಕಿ ಹತ್ತಿದ್ರೂ ಸುಡದಂಥ ಉಕ್ಕಿನ ತಿಜೋರಿ, ಬಾಗಿಲಿಗೆ ಕನ್ನಡಿ. ಮಂದಿ ಊಟಾ ಬಿಟ್ಟು ಎದ್ದು ಬಂದು ಆ ಕನ್ನಡ್ಯಾಗ ಮಾರಿ ನೋಡಿಕೊಂಡ್ರು.

"ನಿಪ್ಪಾಣಿಯ ಖ್ಯಾತ ತಂಬಾಕು ವ್ಯಾಪಾರಸ್ಥರೂ, ಈ ಮನೆಯ ಹಿರಿಯ ಅಳಿಯಂದಿರೂ ಆದ ಶ್ರೀಮಾನ್ ಅಣ್ಣಾಸಾಹೇಬರಿಂದ ವಧೂವರರಿಗೆ, ಆಳೆತ್ತರದ ಕನ್ನಡಿಯಿಂದ ಶೋಭಿಸುತ್ತಿರುವ ಭವ್ಯವಾದ ತಿಜೋರಿ" ಅಂತ ಮಾಸ್ತರು ಒಂದು ಉಸಿರಿನ್ಯಾಗ ಹೇಳಿದ್ರು. ಚಪ್ಪಾಳಿ ಬಿದ್ವು. ಆಮ್ಯಾಲ ನನ್ನ ಪಾಳಿ ಬಂತು.

"ಕಬ್ಬೂರ ಬಸಗೌಡರು, ಹಂಡೆ."

ಇಷ್ಟ. ಮುಂದ ಒಂದು ಅಕ್ಷರ ಇಲ್ಲ. ತಾಮ್ರದ್ದು ಅಂತನೂ ಅನಲಿಲ್ಲ. ಶ್ರೀಮಾನ್ ಸೈತ ಇಲ್ಲ. ಆ ಹೊತ್ತಿನ್ಯಾಗ ನನ್ನ ಹೊಟ್ಟ್ಯಾಗ ಏನಾತು ಅನ್ನೂದನ್ನ ಮುಚ್ಚಿಡೂದಿಲ್ಲ. ಬೆಂಕಿ ಬಿತ್ತು. ಅಲ್ಲೇ ಮುಂದ ಇದ್ದ ತಿಜೋರಿ ಕನ್ನಡ್ಯಾಗ ನಾನೂ ನನ್ನ ಹಂಡೆಯೂ ಕಾಣಾಕತ್ತಿದ್ವಿ. ಹಂಡೆ ನನಗಿಂತ ಮ್ಯಾಲ ಅನಸ್ತು, ಅದರ ಮಾರಿಯರ ಹೊಳೀತಿತ್ತು.

ನಾ ಮಾಸ್ತರ ಕಿವ್ಯಾಗ ಬಗ್ಗಿದೆ. ಏನು ಹೇಳಿದ್ನೋ ನನಗ ಗೊತ್ತಿಲ್ಲ, ಬಾಯಿ ತಾನ ಹೇಳ್ತು. ಮಾಸ್ತರ ಮಾರಿ ಅರಳಿತು. ಅವರು ಮೈಕ್ ಬಾಯಿ ಹತ್ರ ತಂದು, "ಮಹನೀಯರೇ, ತಡೆಯಿರಿ! ಕಬ್ಬೂರಿನ ಪ್ರಗತಿಪರ ರೈತರಾದ ಶ್ರೀಮಾನ್ ಬಸಗೌಡರಿಂದ, ಹಂಡೆಯಲ್ಲದೆ, ಎರಡು ಕ್ಯಾಸೆಟ್ಟಿನ, ರೇಡಿಯೋ ಸಹಿತವಾದ, ಬಿಚ್ಚಿ ಇಡಬಹುದಾದ ಸ್ಪೀಕರುಗಳಿಂದ ಕೂಡಿದ, ಈ ತಾಲೂಕಿನಲ್ಲಿ ಯಾರೂ ಕಂಡಿರದ ಟೇಪ್ ರಿಕಾರ್ಡರ್! ಸದ್ಯದಲ್ಲಿಯೇ ಆಗಮಿಸಲಿದೆ" ಅಂದ್ರು.

ಹಂದರ ಹಾರಿಹೋಗೂವಂಗ ಚಪ್ಪಾಳಿ ಬಿದ್ವು. ಬಾಳೂ ಬಾಸಿಂಗ ಸರಿಮಾಡಿಕೊಂಡು ನನ್ನ ಕಡೆ ಕೈ ಮುಗದ. ನಮ್ಮತ್ತಿ ಸೆರಗಿಲೆ ಕಣ್ಣು ಒರಸಿಕೊಂಡ್ಲು. ಒಳಗಿಂದ ಯಾರೋ ಒಂದು ಕುರ್ಚಿ ತಂದು ನನ್ನ ಹಿಂದ ಇಟ್ರು. ನಾ ಕುಂತು, ಅಣ್ಣಾಸಾಹೇಬನ ಮಾರಿ ಎಷ್ಟು ಕಪ್ಪಾಗೈತಿ ಅಂತ ನೋಡಿದೆ. ಎಲ್ಲಾರಕಿಂತ ಜೋರ ಚಪ್ಪಾಳಿ ಹೊಡ್ಯಾಕತ್ತಾವ ಅಂವನ. ಹೊಟ್ಟಿಕಿಚ್ಚು ಮುಚ್ಚಿಕೊಳ್ಳಾಕ ಮಂದಿ ಹಿಂಗ ಮಾಡ್ತಾರ ಅಂತ ನಾ ನಿರ್ಣಯ ಮಾಡಿದೆ.

ವಾಪಸ್ ಬರೂವಾಗ ಬಸ್ಸಿನ್ಯಾಗ ಸುನಂದಾನ ಮಾರಿ ಹುಣ್ಣಿವಿ ಆಗಿತ್ತು. ತವರ ಮನ್ಯಾಗ ಆಕಿಯ ಗಂಡಗ ಮೊದಲನೇ ಸಲ ಚಪ್ಪಾಳಿ ಬಿದ್ದಿದ್ವು. ಅರ್ಧ ದಾರಿಗೆ ಬಂದ ಮ್ಯಾಲ, "ಏನ್ರೀ, ನನಗೂ ಹೇಳದ ತಂದೀರಲ್ಲ, ಟೇಪ್ ಎಲ್ಲಿ ಇಟ್ಟೀರಿ?" ಅಂತ ಕೇಳಿದ್ಲು.

"ಕಿಸೇದಾಗ ಐತಿ" ಅಂದು ಹಾಳಿ ತಗದು ಕೊಟ್ಟೆ.

ಆಕಿ ಅದನ್ನ ಹಿಂದ ಮುಂದ ತಿರುವಿ ನೋಡಿದ್ಲು. "ಇದು ಬರೇ ಹಾಳಿ ಐತಲ್ಲರಿ" ಅಂದ್ಲು.

"ಹಾಳಿ ಮ್ಯಾಲ ಟೇಪ್ ಐತಿ ನೋಡು. ಅತಿ ಶೀಘ್ರದಲ್ಲಿ ಅಂತ ಬರದಾರ. ಅತಿ ಶೀಘ್ರ ಅಂದ್ರ ನಾಳಿ, ಭಾಳ ಆದ್ರ ನಾಡದು."

"ಕೂಸು ಹುಟ್ಟೂಕಿಂತ ಮುಂಚೆ ಕುಲಾಯಿ ಹೊಲದ್ರಿ ನೀವು" ಅಂದ್ಲು ಆಕಿ. ಹಾಳಿ ಮಡಚಿ ನನ್ನ ಕಿಸೇದಾಗ ತುರುಕಿ, ಕಿಡಕಿ ಕಡೆ ತಿರುಗಿ ಕುಂತ್ಲು.

ನಾ ಮರುದಿನಾನ ಚಿಕ್ಕೋಡಿಗೆ ಹೋದೆ. ರೇಡಿಯೋ ಅಂಗಡಿಯವ ಹಾಳಿ ನೋಡಿ, "ಬರ್ತೈತ್ರಿ, ಯುಗಾದಿಗೆ" ಅಂದ. ಅಥಣಿಯವ ಬಸವ ಜಯಂತಿಗೆ ಅಂದ. ರಾಯಬಾಗದಾವ, "ಮೊದಲ ಕರೆಂಟ್ ಬರ್ಲಿ, ಆಮ್ಯಾಲ ಟೇಪ್" ಅಂದ. ಗಡಿ ದಾಟಿ ಮಿರಜಿಗೆ ಹೋದೆ, ಅಲ್ಲಿಯಾವ ಮರಾಠಿಯೊಳಗ ಅದ ಮಾತು ಹೇಳಿದ. ಒಬ್ಬಾಂವ ಮಾತ್ರ, "ಟೇಪ್ ಬಂದಿಲ್ಲರಿ, ಆದ್ರ ಟೇಪಿನ ಪೋಸ್ಟರ್ ಬಂದೈತಿ, ಬೇಕಂದ್ರ ಒಯ್ಯಿರಿ" ಅಂದು ಒಂದು ದೊಡ್ಡ ಪೋಸ್ಟರ್ ಸುರುಳಿ ಸುತ್ತಿ ಕೊಟ್ಟ. ಕಂಪನಿಯವ್ರು ಮಾಲು ಮಾಡೂದು ಬಿಟ್ಟು ಬರೇ ಚಿತ್ರ ಮಾಡಾಕ ಕುಂತಾರೇನೋ ಅನಸ್ತು. ಪತ್ರಿಕ್ಯಾಗ ಅದ ಜಾಹೀರಾತು, ಸಿನಿಮಾ ಟಾಕೀಜಿನ್ಯಾಗ ಪಿಕ್ಚರ್ ಸುರು ಆಗೂಕಿಂತ ಮೊದಲು ಅದ ಜಾಹೀರಾತು, ನಿಪ್ಪಾಣಿ ಸ್ಟ್ಯಾಂಡಿನ ಗ್ವಾಡಿ ಮ್ಯಾಲ ಅದ ಹೆಣ್ಣಮಗಳು ಗಲ್ಲದ ಮ್ಯಾಲ ಕೈ ಇಟ್ಟುಕೊಂಡು ನಿಂತಾಳ. ಪಾಪ, ಆಕಿಯೂ ಟೇಪಿನ ದಾರಿ ಕಾಯಾಕತ್ತಾಳ ಅಂತ ನನಗ ಅವಾಗ ತಿಳೀತು.

ಯುಗಾದಿ ಹೋತು, ಬಸವ ಜಯಂತಿ ಹೋತು, ಕಾರಹುಣ್ಣಿವಿ ಹೋತು. ಜುಗೂಳದಿಂದ ಯಾರರ ಕಬ್ಬೂರ ಕಡೆ ಬಂದ್ರ ನಾ ಹಿತ್ತಲ ಬಾಗಿಲಿಂದ ಹೊಲಕ್ಕ ಹೋಗತಿದ್ದೆ. ನನ್ನ ಕಬ್ಬಿಗೆ ಆ ವರ್ಷ ಸಿಕ್ಕಷ್ಟು ಆರೈಕಿ ಹಿಂದ ಎಂದೂ ಸಿಕ್ಕಿರಲಿಲ್ಲ.

ಆಮ್ಯಾಲ ನಾಗರ ಪಂಚಮಿ ಬಂತು. ನಿಜವಾದ ಸಂಕಟ ಸುರು ಆದದ್ದು ಅವಾಗ. ನಮ್ಮ ಕಡೆ ಹೆಣ್ಣಮಕ್ಕಳಿಗೆ ಬ್ಯಾರೆ ಹಬ್ಬ ಒಂದು ತೂಕ, ಪಂಚಮಿ ಒಂದು ತೂಕ. ತಮ್ಮನೋ ಅಣ್ಣನೋ ಕರಿಯಾಕ ಬರಬೇಕು, ತವರಿಗೆ ಹೋಗಬೇಕು, ಜೋಕಾಲಿ ಆಡಬೇಕು, ಉಂಡಿ ತಿನ್ನಬೇಕು. ಬಾಳೂ ಕರಿಯಾಕ ಬಂದ. ಸುನಂದಾ ಚೀಲಾ ತುಂಬಿ ಇಟ್ಟಿದ್ದಾಕಿ, ತಮ್ಮನ ಮಾರಿ ನೋಡಿದ ಕೂಡ್ಲೆ, "ಈ ಸಲ ಆಗೂದಿಲ್ಲಪಾ, ಕಬ್ಬಿಗೆ ನೀರು ಹಾಯಿಸೂದೈತಿ" ಅಂದುಬಿಟ್ಲು. ಹೊರಗ ಮೂರು ದಿನದಿಂದ ಮಳಿ ಹಿಡದಿತ್ತು.

ಬಾಳೂ ಅಕ್ಕನ ಮಾರಿ ನೋಡಿದ, ಮಳಿ ನೋಡಿದ, ಟೇಪಿನ ಮಾತ ತಗೀಲಿಲ್ಲ. ಹೋಗೂವಾಗ "ಹಂಗ ಬಾ ಅಕ್ಕಾ, ಏನೂ ಬ್ಯಾಡ" ಅಂದ. ಅದರಾಗ ಎಲ್ಲಾ ಬಂತು. ಅಂವ ಹ್ವಾದ ಮ್ಯಾಲ ಸುನಂದಾ ನನ್ನ ಮುಂದ ಬಂದು ನಿಂತ್ಲು.

"ಬರಗೈಲೆ ಹೋಗಿ ನಾ ಯಾರ ಮುಂದ ಕುಂದರಲಿ? ಮೈಕಿನ್ಯಾಗ ಕೂಗಿಸಿದ್ದು ನೀವು, ಕೇಳಾವ್ರು ನನ್ನ ಕೇಳ್ತಾರ. ಟೇಪ್ ಬರೂತನಕ ನಾ ತವರಿಗೆ ಹೋಗೂದಿಲ್ಲ. ನಿಮ್ಮ ಹೊಟ್ಟಿ ಉರಿಗೆ ನನ್ನ ಪಂಚಮಿ ಸುಟ್ರಿ."

ಆಕಿ ಅಂದದ್ದು ಖರೇನ ಇತ್ತು. ಪಂಚಮಿ ದಿನ ಬಾಜೂ ಮನಿ ಹುಡುಗ್ಯಾರು ಜೋಕಾಲಿ ಆಡೂವಾಗ ಆಕಿ ಒಳಗ ಕುಂತು ಅವರ ಹಾಡು ಕೇಳಿದ್ಲು. ನನಗ ಭಾಳ ಕೆಟ್ಟ ಅನಸ್ತು. ಅಂಗಳದಾಗಿನ ಬೇವಿನ ಗಿಡಕ್ಕ ಒಂದು ಜೋಕಾಲಿ ಕಟ್ಟಿದೆ. ಆಕಿ ಅದರ ಮ್ಯಾಲ ಕಾಳಿನ ಚೀಲಾ ಒಣಗಾಕ ಇಟ್ಲು.

ಏನರ ಮಾಡಿ ಸಮಾಧಾನ ಮಾಡಬೇಕಂತ, ಮಿರಜಿಯಿಂದ ತಂದ ಪೋಸ್ಟರ್ ಬಾಳೂಗ ಕಳಿಸಿಕೊಟ್ಟೆ. ಸದ್ಯಕ್ಕ ಇದನ್ನ ನೋಡಿಕೋತ ಇರ್ರಿ ಅನ್ನೂದು ನನ್ನ ವಿಚಾರ. ಬಾಳೂ ಅದನ್ನ ಪಡಸಾಲ್ಯಾಗ ತಿಜೋರಿ ಬಾಜೂಕ ಹಚ್ಚಿದ. ಜುಗೂಳದ ಮಂದಿ ನೋಡಾಕ ಬರಾಕತ್ತಿದ್ರು. ಬಂದಾವ್ರು ಇದು ಏನು, ಹೆಂಗ ಅಂತ ಕೇಳತಿದ್ರು. ಬಾಳೂಗ ಗೊತ್ತಿಲ್ಲ, "ಕಬ್ಬೂರ ಮಾವಗ ಕೇಳ್ರಿ" ಅಂತಿದ್ದ. ಮಂದಿ ಸಂತ್ಯಾಗ, ಬಸ್ಸಿನ್ಯಾಗ, ಮದುವಿ ಮುಂಜಿವಿಯೊಳಗ ನನ್ನ ಹಿಡದು ಕೇಳಾಕ ಸುರು ಮಾಡಿದ್ರು.

ಇಲ್ಲಿ ನನ್ನ ಸ್ವಭಾವದ ಒಂದು ಗುಣ ಹೇಳಬೇಕು. ಯಾರರ ಏನರ ಕೇಳಿದ್ರ ಗೊತ್ತಿಲ್ಲ ಅನ್ನಾಕ ನನಗ ಬರೂದಿಲ್ಲ. ಒಂದು ಕ್ಯಾಸೆಟ್ಟಿನ ಹಾಡು ಇನ್ನೊಂದಕ್ಕ ಹೆಂಗ ಇಳೀತೈತಿ, ಸ್ಪೀಕರ್ ಬಿಚ್ಚಿ ಒಂದು ಪಡಸಾಲ್ಯಾಗ ಒಂದು ಅಂಗಳದಾಗ ಇಟ್ರ ಹೆಂಗ ಕೇಳಸ್ತೈತಿ, ನಿಮ್ಮ ಮಗಳ ಮದುವಿ ಹಾಡು ನೀವ ತುಂಬಿ ಇಡಬಹುದು, ಅಜ್ಜನ ದನಿ ತುಂಬಿ ಇಟ್ರ ಅಜ್ಜ ಹ್ವಾದ ಮ್ಯಾಲೂ ಬೈಸಿಕೊಳ್ಳಬಹುದು, ಹಿಂಗ ನಾ ಹೇಳತಿದ್ದೆ. ಕೇಳಾವ್ರು ಬಾಯಿ ತಕ್ಕೊಂಡು ಕೇಳತಿದ್ರು. ಮುಟ್ಟಿ ನೋಡದ ಯಂತ್ರದ ಮ್ಯಾಲ ನನ್ನಷ್ಟು ಅಧಿಕಾರವಾಣಿಯಿಂದ ಮಾತಾಡಾವ ಇಡೀ ಜಿಲ್ಲೆದಾಗ ಇನ್ನೊಬ್ಬ ಇರಲಿಲ್ಲ. ಬಂದ್ರ ನಮಗೂ ಒಂದು ಬೇಕ್ರಿ ಅಂತ ಭಾಳ ಮಂದಿ ಹೇಳಿದ್ರು. ಯಾರೂ ತಿಜೋರಿ ಹೆಸರು ತಗೀತಿರಲಿಲ್ಲ. ನನಗ ಅಷ್ಟು ಸಾಕಾಗಿತ್ತು. ಹೆಂಡತಿ ಮಾರಿ ನೋಡಿದಾಗಷ್ಟ ಮಾತು ಅಲ್ಲಿಗೇ ಬಿಟ್ಟು ಹೊಲದ ಕಡೆ ನಡೀತಿದ್ದೆ.

ಅದ ಚಳಿಗಾಲದಾಗ ಐಗಳಿಯ ಬೀಗರ ಮನ್ಯಾಗ ಕೂಸಿಗೆ ಹೆಸರಿಡೂ ಕಾರ್ಯಕ್ರಮ ಇತ್ತು. ಅಣ್ಣಾಸಾಹೇಬನೂ ಬಂದಿದ್ದ. ಊಟ ಆಗಿ ಎಲಿ ಅಡಕಿ ಹಾಕೂವಾಗ ನನ್ನ ಬಾಜೂಕ ಬಂದು ಕುಂತು, "ಸಾಡೂ, ಆ ಟೇಪ್ ಅಂತಾರಲ್ಲ, ಅದರ ಸಂಗತಿ ಸ್ವಲ್ಪ ಹೇಳು" ಅಂದ.

ಆಹಾ. ಈ ಮಾತಿಗೆ ನಾ ಎಷ್ಟು ದಿನದಿಂದ ಕಾದಿದ್ದೆ. ಅಂವಗ ನಿದ್ದಿ ಹತ್ತವಲ್ದು, ಉರೀತೈತಿ ಅಂತ ನನಗ ಖಾತ್ರಿ ಆತು. ಇನ್ನೂ ಉರೀಲಿ ಅಂತ ನಾ ತುಪ್ಪ ಸುರಿದಂಗ ಒಂದೊಂದ ಗುಣಾ ಬಿಡಿಸಿ ಹೇಳಿದೆ. ಯಾರು ಮಾಡ್ತಾರ ಅಂದ. ಹೇಳಿದೆ. ಅವರ ಆಫೀಸು ಎಲ್ಲಿ ಅಂದ. ಹೇಳಿದೆ. ಮಂದಿ ಖರೇನ ತಗೋತಾರೇನು ಅಂದ. ಜುಗೂಳದಾಗ ಇಂಥಿಂಥಾವ್ರು, ಕಾಗವಾಡದಾಗ ಇಂಥಿಂಥಾವ್ರು, ಐಗಳಿಯೊಳಗ ನಾವು ಕುಂತ ಈ ಮನಿಯವ್ರು ಅಂತ ಹೆಸರ ಹಿಡದು ಹೇಳಿದೆ. ಅಂವ ಗೋಣು ಹಾಕಿಕೋತ ಕೇಳಿದ. ಕಡೀಕ ನಾ ಕಿಸೇದಿಂದ ಆ ಹಾಳಿ ತಗದು, "ತಗೋ, ನೋಡಿಕೋತ ಇರು" ಅಂತ ಕೊಟ್ಟೆ. ಕೆಳಗ ಕಂಪನಿಯ ವಿಳಾಸ ಇತ್ತು.

ತನ್ನ ಕಾಲ ಮ್ಯಾಲ ತಾನ ಕಲ್ಲು ಎತ್ತಿ ಹಾಕ್ಕೊಳ್ಳಾವ್ರನ್ನ ನೀವು ನೋಡಿರಬಹುದು. ಆ ಕಲ್ಲು ಹುಡಿಕ್ಯಾಡಿ ತಂದು, ತೊಳದು, ಪೂಜಿ ಮಾಡಿ ಹಾಕ್ಕೊಂಡಾವ ನಾನೊಬ್ಬನ.

ಎರಡನೇ ಪಂಚಮಿ ಹತ್ರ ಬಂತು. ಬಾಳೂ ಮತ್ತ ಕರಿಯಾಕ ಬರ್ತೀನಿ ಅಂತ ಹೇಳಿ ಕಳಿಸಿದ್ದ. ಸುನಂದಾ ಈ ಸಲ ಚೀಲಾನೂ ತುಂಬಿರಲಿಲ್ಲ. ನಾ ಚಿಕ್ಕೋಡಿಗೆ ಓಡಿದೆ. ಅಂಗಡಿಯವ ನನ್ನ ನೋಡಿದ ಕೂಡ್ಲೆ ನಕ್ಕ, "ಬಂತ್ರಿ ನಿಮ್ಮ ಟೇಪ್. ಆದ್ರ ನಮ್ಮ ಕಡೆ ಸಿಗೂದಿಲ್ಲ. ಈ ಭಾಗಕ್ಕೆಲ್ಲಾ ಒಬ್ಬರಿಗೇ ಏಜೆನ್ಸಿ ಕೊಟ್ಟಾರ, ನಿಪ್ಪಾಣಿಯೊಳಗ" ಅಂದ.

ಖುಷಿಯಿಂದ ನನ್ನ ಕಾಲು ನೆಲಕ್ಕ ಹತ್ತಲಿಲ್ಲ. ಸಿಕ್ಕ ಬಸ್ಸಿಗೆ ಜೋತುಬಿದ್ದು ನಿಪ್ಪಾಣಿಗೆ ಹೋದೆ. ಅಣ್ಣಾಸಾಹೇಬನ ಊರಾಗ, ಅಂವನ ಕಣ್ಣ ಮುಂದ ಟೇಪ್ ತಗೊಂಡು, ಹೋಗೂವಾಗ ಅಂವನ ಮನಿ ಮುಂದ ಹೆಗಲ ಮ್ಯಾಲ ಹೊತ್ತುಕೊಂಡು ಹೋಗಬೇಕು ಅಂತ ಬಸ್ಸಿನ್ಯಾಗ ದಾರಿ ಸೈತ ನಿಕ್ಕಿ ಮಾಡಿದ್ದೆ.

ಸ್ಟ್ಯಾಂಡಿನ ಹತ್ರ ಒಂದು ಹೊಸಾ ಅಂಗಡಿ. ಬಾಗಿಲಿಗೆ ಚೆಂಡುಹೂವಿನ ಮಾಲಿ ಇನ್ನೂ ಬಾಡಿರಲಿಲ್ಲ. ಮುಂದ ಗದ್ದಲೋ ಗದ್ದಲ. ನಾ ಮಂದಿ ಸರಿಸಿ ಒಳಗ ಹೋದೆ. ಅಲ್ಲಿ ಆ ಟೇಪು, ಹಾಳಿಯೊಳಗ ಇದ್ದಂಗ, ಎರಡು ಖಾನೆ, ಎರಡು ಸ್ಪೀಕರು, ದೀಪಾ ಮಿಣಿಮಿಣಿ ಅನ್ನಾಕತ್ತಾವ. ಅದರ ಹಿಂದ ಗಾದಿ ಮ್ಯಾಲ ಕುಂತಾವ ಅಣ್ಣಾಸಾಹೇಬ.

"ಬಾ ಸಾಡೂ, ನಿನ್ನ ದಾರೀನ ಕಾಯಾಕತ್ತಿದ್ದೆ" ಅಂದ.

ಅಂವ ನನ್ನ ಕೈ ಹಿಡದು ಬಾಜೂಕ ಕುಂದರಿಸಿಕೊಂಡ. ತಂಬಾಕಿನ್ಯಾಗ ಇತ್ತಿತ್ತಲಾಗ ಮೊದಲಿನಂಗ ಏನೂ ಉಳೀತಿರಲಿಲ್ಲಂತ. ಐಗಳಿಯೊಳಗ ನನ್ನ ಮಾತು ಕೇಳಿ ಮನಸಿಗೆ ಹೊಕ್ಕು, ನಾ ಕೊಟ್ಟ ವಿಳಾಸಕ್ಕ ಬರದು ಏಜೆನ್ಸಿ ತಗೊಂಡನಂತ. ಮೊದಲ ಬಂದ ಮಾಲು ಹಾಕಿದ ಕೂಡ್ಲೆ ಮಂದಿ ತಾವಾಗೇ ಬರಾಕತ್ತಾರಂತ. ಯಂತ್ರದ ಸಂಗತಿ ಹೇಳೂ ಜರೂರತ್ತ ಬೀಳೂದಿಲ್ಲಂತ, ಎಲ್ಲಾರಿಗೂ ಮೊದಲ ಎಲ್ಲಾ ಗೊತ್ತೈತಂತ.

"ಒಂದು ಹ್ಯಾಂಡಬಿಲ್ ಸೈತ ಹಂಚಲಿಲ್ಲ ನೋಡು" ಅಂದ ಅಣ್ಣಾಸಾಹೇಬ. "ಜುಗೂಳದಾವ್ರು, ಕಾಗವಾಡದಾವ್ರು ಬಂದು, ಕಬ್ಬೂರ ಗೌಡರು ಹೇಳಿದ್ದು ಇದ ಏನ್ರಿ ಅಂತ ಕೇಳ್ತಾರ. ಹೌದು ಅಂತೀನಿ. ಒಯ್ತಾರ."

ಅಂವ ಅಣಕ ಮಾಡಾಕತ್ತಿರಲಿಲ್ಲ. ಮನಸಿನಿಂದ ಹೇಳಾಕತ್ತಿದ್ದ. ಅದಕ್ಕ ನನಗ ಇನ್ನೂ ಜಾಸ್ತಿ ಉರೀತು. ಒಂದೂವರೆ ವರ್ಷ ಚಪ್ಪಲಿ ಸವೆಸಿ, ಗಂಟಲು ಹರಕೊಂಡು ನಾ ಯಾರ ಅಂಗಡಿ ಕಟ್ಟಿಕೊಟ್ಟೆ ಅಂತ ಅವಾಗ ಗೊತ್ತಾತು. ಅಂವನ ಅಂಗಡ್ಯಾಗ ಮಾತ್ರ ಕೊಳ್ಳಬಾರದು, ಹಂಗ ಎದ್ದು ಹೋಗಬೇಕು ಅನಸ್ತು. ಆದ್ರ ಹೋಗೂದು ಎಲ್ಲಿಗೆ? ಈ ಸೀಮಿಗೆಲ್ಲಾ ಅಂವನ ಒಬ್ಬ. ಮನ್ಯಾಗ ಸುನಂದಾ ಚೀಲಾ ತುಂಬದ ಕುಂತಾಳ. ಈ ಪಂಚಮಿಯೂ ಹೋದ್ರ ಆಕಿಯ ಮಾರಿ ನೋಡೂ ಧೈರ್ಯ ನನಗ ಇರಲಿಲ್ಲ.

"ಒಂದು ಕೊಡು" ಅಂದೆ.

"ಇದ್ದದ್ದ ಒಂದು. ಉಳಿದುವೆಲ್ಲಾ ಹ್ವಾದುವು. ನಿನಗಂತ ತಗದು ಇಟ್ಟೀನಿ" ಅಂದ ಅಂವ. ಸಾಡು ಅಂತ ಬೆಲಿ ಕಡಿಮಿ ಮಾಡಾಕ ಬಂದ. ನಾ ಸುತರಾಂ ಒಪ್ಪಲಿಲ್ಲ, ಪೂರಾ ಬೆಲಿ ಕೊಟ್ಟೆ. ಅಷ್ಟರ ಮಟ್ಟಿಗೆ ನನ್ನ ಸ್ವಾಭಿಮಾನ ಗಟ್ಟಿ ಇತ್ತು. ಅಂವನ ಲಾಭ ಅಷ್ಟು ಜಾಸ್ತಿ ಆತು ಅನ್ನೂದು ಬಸ್ಸಿನ್ಯಾಗ ಕುಂತ ಮ್ಯಾಲ ಹೊಳೀತು. ಮಳಿ ಇತ್ತಂತ ಅಂವ ತಾನ ಪ್ಲಾಸ್ಟಿಕ್ ಸುತ್ತಿ, ಮ್ಯಾಲ ಅಂಗಡಿ ಹೆಸರಿನ ಕೆಂಪ ಸ್ಟಿಕರ್ ಹಚ್ಚಿ, ಬಸ್ಸಿನತನಕ ಹೊತ್ತು ತಂದು ಕೊಟ್ಟ.

ನಾ ಮನಿಗೆ ಬಂದು ಪೆಟ್ಟಿಗಿ ಇಳಿಸಿದಾಗ ಸುನಂದಾ ಅದನ್ನ ಮುಟ್ಟಿ ನೋಡಿದ್ಲು, ನನ್ನ ನೋಡಿದ್ಲು. ಒಳಗ ಹೋಗಿ ಚೀಲಾ ತುಂಬಾಕ ಸುರು ಮಾಡಿದ್ಲು. ಇಳಕಲ್ ಸೀರಿ ಇಡೂವಾಗ ಸಣ್ಣಗ ಹಾಡತಿದ್ಲು. ಎಲ್ಲಿ ತಂದ್ರಿ ಅಂತ ಕೇಳಿದ್ಲು. ನಿಪ್ಪಾಣಿಯೊಳಗ ಅಂದೆ. ಯಾರ ಅಂಗಡಿ ಅಂದ್ಲು. ಹೇಳಬೇಕಾತು. ಆಕಿ ಬಾಯಿಗೆ ಸೆರಗು ಹಚ್ಚಿಕೊಂಡು ಅಡಗಿ ಮನಿಗೆ ಓಡಿದ್ಲು. ಅಲ್ಲಿಂದ ಕಿಸಕಿಸ ನಗೂ ಸಪ್ಪಳ ಭಾಳೊತ್ತು ಕೇಳಿಸ್ತು.

ಪಂಚಮಿ ಹಿಂದಿನ ದಿನ ಬಾಳೂನ ಕೂಡ ಜುಗೂಳಕ್ಕ ಹೋದ್ವಿ. ಆಣೆ ಮಾಡಿ ಹೇಳ್ತೀನಿ, ಎರಡು ಬಸ್ಸಿನ್ಯಾಗೂ ಆ ಪೆಟ್ಟಿಗಿ ನನ್ನ ತೊಡಿ ಮ್ಯಾಲ ಇತ್ತು, ಯಾರ ಕೈಯಾಗೂ ಕೊಡಲಿಲ್ಲ. ಪ್ಲಾಸ್ಟಿಕ್ ಬಿಚ್ಚಿದ್ವಿ. ತಂತಿ ಹಾಕಿದ್ವಿ. ಒಂದು ಸ್ಪೀಕರ್ ಪಡಸಾಲ್ಯಾಗ, ಒಂದು ಅಂಗಳದಾಗ ಇಟ್ವಿ. ಬಾಳೂ ಗುಂಡಿ ಒತ್ತಿದ. ಹಾಡು ಮನಿ ತುಂಬಿತು, ಅಂಗಳ ತುಂಬಿತು. ಸುನಂದಾ ಹೋಗಿ ಜೋಕಾಲಿ ಮ್ಯಾಲ ನಿಂತ್ಲು. ಆಕಿ ಮ್ಯಾಲ ಹೋಗಿ ಕೆಳಗ ಬರೂವಾಗ ನಗೂದು ಕಂಡು ನನ್ನ ಕಣ್ಣಾಗ ನೀರು ಬಂತು. ಖರೇನ ಬಂತು, ಸುಳ್ಳು ಹೇಳೂದಿಲ್ಲ. ಎಲ್ಲಾ ಉರಿ ಅವಾಗ ತಣ್ಣಗಾತು ಅನಸ್ತು.

ನಮ್ಮತ್ತಿ ಟೇಪಿನ ಮುಂದ ಕುಂತು, ಅದರ ಮಿಣಿಮಿಣಿ ದೀಪಾ ಭಾಳೊತ್ತು ನೋಡಿದ್ಲು. ನಾ ಎದಿ ಮುಂದ ಮಾಡಿ ಕುಂತೆ. ಈಗ ಬರ್ತೈತಿ ಅಂತ ಕಾದೆ. ಆಕಿ ಆ ಕೆಂಪ ಸ್ಟಿಕರ್ ಮ್ಯಾಲ ಬೆರಳು ಆಡಿಸಿ, "ಎಷ್ಟು ಗಟ್ಟಿ ಮಾಲು ನೋಡ್ರಿ. ದೊಡ್ಡ ಅಳಿಯಾರ ಅಂಗಡಿದು ಐತಲ್ಲ, ಅದಕ್ಕ" ಅಂದ್ಲು. ಸುತ್ತ ಕುಂತಾವ್ರೆಲ್ಲಾ ಹೌದ ಹೌದು ಅಂದ್ರು.

ಅಲ್ಲೇ ಸತ್ತು ಹೋಗಬೇಕು ಅನಸ್ತು. ಕೂಗಿಸಿದಾವ ನಾನು, ಅಲದಾವ ನಾನು, ಪೂರಾ ಬೆಲಿ ಕೊಟ್ಟು ತೊಡಿ ಮ್ಯಾಲ ಹೊತ್ತು ತಂದಾವ ನಾನು. ನಾ ಎದ್ದು ಹೊರಗ ಕಟ್ಟಿ ಮ್ಯಾಲ ಬಂದು ಕುಂತೆ. ಇನ್ನ ಮುಂದ ಆ ಟೇಪಿನ ಹೆಸರು ಬಾಯಿಂದ ತಗದ್ರ ಕೇಳ್ರಿ ಅಂತ ಮನಸಿನ್ಯಾಗ ಆಣೆ ಹಾಕಿದೆ.

ಅಷ್ಟರಾಗ ಸಣ್ಣ ಮಳಿ ಸುರು ಆತು. ಹಾಡು ಕೇಳಿ ಎದುರ ಮನಿಯ ಮುದುಕ ಛತ್ರಿ ಹಿಡಕೊಂಡು ಬಂದ. ಅಂವನ ಮಗಳ ಮದುವಿ ಮುಂದಿನ ತಿಂಗಳ ಇತ್ತು. "ಗೌಡ್ರ, ಭಾಳ ಛಲೋ ಐತಲ್ಲರಿ ಇದು. ಎಲ್ಲಿ ಸಿಗ್ತೈತ್ರಿ?" ಅಂತ ಕೇಳಿದ.

ನಾ ತುಟಿ ಬಿಗಿ ಹಿಡದೆ. ಹಲ್ಲು ಕಚ್ಚಿದೆ. ಅಂವ ಮಳಿಯಾಗ ನಿಂತು ನನ್ನ ಮಾರೀನ ನೋಡಾಕತ್ತಿದ್ದ. ಯಾರರ ಕೇಳಿದ್ರ ಸುಮ್ಮನ ಇರಾಕ ನನಗ ಬರಬೇಕಲ್ಲ?

"ನಿಪ್ಪಾಣಿ ಸ್ಟ್ಯಾಂಡಿಗೆ ಇಳೀರಿ" ಅಂದೆ. "ಹೊರಗ ಬಂದು ಎಡಕ್ಕ ಹೊಳ್ಳಿದ್ರ ಹೊಸಾ ಅಂಗಡಿ ಕಾಣಸ್ತೈತಿ. ನನ್ನ ಹೆಸರು ಹೇಳ್ರಿ, ಬೆಲಿ ಕಡಿಮಿ ಮಾಡ್ತಾನ."